ಹತ್ತದವರ ಬೆಟ್ಟ

ಅಪ್ಪನ ಮರೆವು ತನಗೆ ಇಷ್ಟವಾಗತೊಡಗಿದೆಯೇನೋ ಎಂಬ ಅನುಮಾನ ಅವಳಿಗೆ ಬಂದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯಿ ತುಂಬ ನೊರೆಯಿದ್ದುದರಿಂದ ಅದನ್ನು ಯಾರ ಮುಂದಾದರೂ ಆಡಿಬಿಡುವ ಭಯವಿರಲಿಲ್ಲ. ಉಗಿದು, ಮುಕ್ಕಳಿಸಿ, ಮುಖ ಒರೆಸಿಕೊಂಡ ಮೇಲೂ ಅನುಮಾನ ಅಲ್ಲೇ ನಿಂತಿತ್ತು, ಕನ್ನಡಿಯ ಮೂಲೆಯಲ್ಲಿ ಒಣಗಿದ ನೀರಿನ ಕಲೆಯ ಹಾಗೆ. ದಿನಚರಿಯಲ್ಲಿ ಬರೆದರೆ ಹಗುರಾದೀತೆಂದು ಪುಸ್ತಕ ತೆರೆದಳು, ತಾರೀಖು ಹಾಕಿದಳು, ಮುಚ್ಚಿಟ್ಟಳು. ಬರೆಯಲು ಕೂತರೆ ವಾಕ್ಯ ಚೆನ್ನಾಗಿ ಬಂದುಬಿಡುತ್ತದೆ. ಚೆನ್ನಾಗಿ ಬಂದ ವಾಕ್ಯವನ್ನು ಅವಳು ಇನ್ನೊಮ್ಮೆ ಓದಿ ಒಳಗೊಳಗೇ ಹಿಗ್ಗುತ್ತಾಳೆ. ಅಪ್ಪನ ಕಾಯಿಲೆಯ ಮೇಲೆ ಒಳ್ಳೆಯ ವಾಕ್ಯ ಬರೆದೆನೆಂದು ಹಿಗ್ಗುವ ಮಗಳನ್ನು ಏನೆಂದು ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ. ಪದವಿಯಲ್ಲಿ ಸಾಹಿತ್ಯ ಓದಿದ್ದರಿಂದ ಆದ ಲಾಭ ಇದೇ ಇರಬೇಕು. ಸುಳ್ಳನ್ನು ಹೇಗೆ ಹೇಳಿದರೆ ನಿಜದ ಹಾಗೆ ಕಾಣುತ್ತದೆಂದು ಗೊತ್ತಾಗುತ್ತದೆ, ನಿಜವನ್ನು ಹೇಳಲು ಮಾತ್ರ ದನಿ ಏಳುವುದಿಲ್ಲ.

ಸಂಜೆ ಅವಳು ಕೆಲಸದಿಂದ ಬರುವಷ್ಟರಲ್ಲಿ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬಾಗಿಲನ್ನೇ ಕಾಯುತ್ತಿರುತ್ತಾನೆ. ಅವಳು ಚಪ್ಪಲಿ ಬಿಡುವ ಮೊದಲೇ ಕೈಸನ್ನೆ ಮಾಡಿ ಹತ್ತಿರ ಕರೆಯುತ್ತಾನೆ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಪುಟ್ಟಿ, ಒಂದು ವಿಷಯ. ಅಮ್ಮಂಗೆ ಹೇಳ್ಬೇಡ. ಬೆಟ್ಟಕ್ಕೆ ಹೋಗೋಣ ಅಂತಿದೀನಿ. ನಡೆಯೋ ಬೆಟ್ಟ ಅಲ್ಲ, ಕೂತ್ಕೊಂಡೇ ಮೇಲೆ ಹೋಗೋ ಥರದ್ದು. ಅವಳು ಒಂದು ಸಲಾನೂ ನೋಡಿಲ್ಲ’ ಎನ್ನುತ್ತಾನೆ. ದನಿ ತಗ್ಗಿಸಿದೆನೆಂದು ಅವನು ತಿಳಿದಿರುತ್ತಾನೆ, ಅಷ್ಟೇ. ಲಿಫ್ಟು ರಿಪೇರಿ ಮಾಡುತ್ತ ಯಂತ್ರಗಳ ಸದ್ದಿನಲ್ಲಿ ಆಯುಷ್ಯ ಕಳೆದವನ ಪಿಸುಮಾತು ಪಕ್ಕದ ಮನೆಯವರೆಗೂ ಹೋಗುತ್ತದೆ. ಅಡುಗೆಮನೆಯಲ್ಲಿ ಅಮ್ಮ ನಲ್ಲಿಯನ್ನು ಸ್ವಲ್ಪ ಜೋರಾಗಿ ತಿರುಗಿಸುತ್ತಾಳೆ. ಅವರು ಮೂವರೂ ಹೋದ ಚಳಿಗಾಲದಲ್ಲೇ ಆ ಬೆಟ್ಟಕ್ಕೆ ಹೋಗಿ ಬಂದಿದ್ದರು. ಅಪ್ಪನಲ್ಲಿ ಅದರ ಒಂದು ಚೂರೂ ಉಳಿದಿರಲಿಲ್ಲ. ಹೋಗಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು, ಪ್ರತಿ ಸಂಜೆ ಹೊಸದಾಗಿ ಹುಟ್ಟುತ್ತಿತ್ತು. ಮೊದಲ ಸಲ ಅವನು ಹಾಗೆ ಕೇಳಿದಾಗ ಅವಳು ತಮಾಷೆಯೆಂದುಕೊಂಡಿದ್ದಳು. ಅಪ್ಪ ತಮಾಷೆ ಮಾಡುವುದೇ ಅಪರೂಪ, ಅದನ್ನು ಹಾಳು ಮಾಡಬಾರದೆಂದು ‘ಆಯ್ತು, ಹೋಗೋಣ’ ಎಂದಿದ್ದಳು. ಅವನು ಎದ್ದು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸತೊಡಗಿದಾಗಲೇ ಅವಳಿಗೆ ಅರ್ಥವಾದದ್ದು. ಅಷ್ಟು ಹೊತ್ತಿಗೆ ಅವಳು ‘ಹೋಗೋಣ’ ಎಂದಾಗಿತ್ತು, ಅವನ ಮುಖ ಬೆಳಗಿಯಾಗಿತ್ತು. ಆ ಮುಖವನ್ನು ಆರಿಸುವುದು ಅವಳಿಂದ ಆಗಲಿಲ್ಲ. ಆಮೇಲೂ ಆಗಲಿಲ್ಲ.

ನಿಜ ಹೇಳಬೇಕೆಂದರೆ, ಕರುಣೆಯಿಂದಲೇ ಸುಮ್ಮನಿದ್ದೆನೆಂದು ಹೇಳಿಕೊಳ್ಳಲೂ ಅವಳಿಗೆ ಬಾಯಿಲ್ಲ. ಅವಳಿಗೆ ನೆನಪಿರುವ ಅಪ್ಪ ಕೈಚೀಲ ಹೊತ್ತು ಬೆಳಿಗ್ಗೆ ಹೋಗುತ್ತಿದ್ದ, ಕತ್ತಲಾದ ಮೇಲೆ ಗ್ರೀಸಿನ ವಾಸನೆ ಹೊತ್ತು ಬರುತ್ತಿದ್ದ, ‘ಓದಿದ್ಯಾ’ ಎಂದು ಕೇಳಿ ಉತ್ತರಕ್ಕೆ ಕಾಯದೆ ಕೈ ತೊಳೆಯಲು ಹೋಗುತ್ತಿದ್ದ. ಅವನೂ ಮಾತು ಬಾರದವನು, ಅವಳೂ ಮಾತು ಬಾರದವಳು. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಎದುರುಬದುರಾದಾಗ ದಾರಿ ಬಿಟ್ಟುಕೊಟ್ಟು ಬದುಕಿದ್ದರು. ಈಗ ದಿನಾ ಸಂಜೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಕಾರು ಬೆಟ್ಟದ ಬುಡದವರೆಗೂ ಹೋಗುತ್ತದೆಯೇ, ತಿರುವುಗಳಲ್ಲಿ ಅಮ್ಮನಿಗೆ ಹೊಟ್ಟೆ ತೊಳಸಿದರೆ ಏನು ಮಾಡುವುದು, ರೂಮು ಕೆಳಗಿನ ಮಹಡಿಯದೇ ಸಿಕ್ಕೀತೇ, ಮಂಚದಲ್ಲಿ ಮಲಗಿದಲ್ಲಿಂದಲೇ ಬೆಟ್ಟ ಕಾಣುವಂಥ ಕಿಟಕಿ ಬೇಕೆಂದು ಫೋನಿನಲ್ಲಿ ಕೇಳಿದರೆ ನಗುತ್ತಾರೆಯೇ ಎಂದು ಮಾತಾಡುತ್ತಾರೆ. ಅವನು ನಗುತ್ತಾನೆ, ಅವಳ ತಲೆಯ ಮೇಲೆ ಮೊಟಕುತ್ತಾನೆ. ಹುಟ್ಟಿದಾಗಿನಿಂದ ‘ನೀವು’ ಎಂದೇ ಕರೆಯುತ್ತಿದ್ದ ಅಪ್ಪನನ್ನು ಈ ಕೆಲವು ತಿಂಗಳಲ್ಲಿ ಯಾವಾಗ ‘ನೀನು’ ಎನ್ನತೊಡಗಿದಳೋ ಅವಳಿಗೇ ತಿಳಿಯದು. ಅವನು ಆಕ್ಷೇಪಿಸಲಿಲ್ಲ. ಬಹುಶಃ ಮೊದಲಿನಿಂದಲೂ ಹಾಗೇ ಇತ್ತೆಂದು ತಿಳಿದಿರಬೇಕು. ನೆನಪಿದ್ದ ಅಪ್ಪ ತನಗೆ ಸಿಗಲೇ ಇಲ್ಲ, ಮರೆತ ಅಪ್ಪ ಸಿಕ್ಕಿದ್ದಾನೆ. ನಾವು ಹೋಗಿ ಬಂದಾಯಿತು ಎಂದುಬಿಟ್ಟರೆ ಈ ಸಂಜೆಗಳು ಮುಗಿದುಹೋಗುತ್ತವೆ.

ಇವತ್ತು ತಿಂಡಿ ತಿನ್ನುವಾಗ ಅಮ್ಮ ಬೆನ್ನು ಮಾಡಿಕೊಂಡೇ ಕೇಳಿದಳು. ‘ಆ ಬೆಟ್ಟದ ಫೋಟೋ ಎಲ್ಲಿಟ್ಟೆ?’

‘ಯಾವ್ದು?’ ಎಂದಳು. ಯಾವುದೆಂದು ಗೊತ್ತಿತ್ತು.

‘ಇಲ್ಲಿ ಗೋಡೆ ಮೇಲಿತ್ತಲ್ಲ.’

‘ನನ್ನ ಬೀರುವಿನಲ್ಲಿದೆ. ಅಪ್ಪಂಗೆ ಗೊಂದಲ ಆಗುತ್ತೆ ಅಂತ ತೆಗೆದಿಟ್ಟೆ.’

‘ಹೂಂ’ ಎಂದಳು ಅಮ್ಮ. ಗೋಡೆಯ ಮೇಲೆ ಫೋಟೋ ಇದ್ದ ಜಾಗದಲ್ಲಿ ಬಣ್ಣ ಸ್ವಲ್ಪ ಗಾಢವಾದ ಒಂದು ಚೌಕ ಉಳಿದಿತ್ತು. ಅಮ್ಮ ಅದರ ಮೊಳೆಗೆ ಕೈವಸ್ತ್ರ ತೂಗುಹಾಕಿದ್ದಳು. ಅಪ್ಪ ಒಳಗಿನ ಕೋಣೆಯಲ್ಲಿ ಇನ್ನೂ ಮಲಗಿದ್ದ. ‘ನಿಮ್ಮಪ್ಪನ ಗೊಂದಲ ಒಂದೇ ಅಲ್ಲ ಈ ಮನೇಲಿ’ ಎಂದು ಅಮ್ಮ ಹೇಳಿದಳೋ, ಪಾತ್ರೆಯ ಸದ್ದಿನಲ್ಲಿ ತನಗೆ ಹಾಗೆ ಕೇಳಿಸಿತೋ. ಇನ್ನೊಮ್ಮೆ ಕೇಳುವ ಧೈರ್ಯ ಅವಳಿಗಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಹೊತ್ತಾಗಿರಲಿಲ್ಲ. ಸ್ಟಾಪಿನಲ್ಲಿ ಸುಮ್ಮನೆ ನಿಂತು ಎರಡು ಬಸ್ಸುಗಳನ್ನು ಬಿಟ್ಟಳು.

ಅವಳ ಕೆಲಸ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ, ಮುಂದಿನ ಮೇಜಿನಲ್ಲಿ. ಬಂದವರನ್ನು ಕೂರಿಸುವುದು, ಸರದಿ ಬಂದಾಗ ಕೂಗಿ ಕರೆಯುವುದು. ಕೂಗುವುದೇ ಕಷ್ಟ. ಅವಳ ದನಿ ಮೊದಲ ಸಾಲಿನ ಕುರ್ಚಿಗಳನ್ನು ದಾಟುವುದಿಲ್ಲ; ಹಿಂದೆ ಕೂತವರು ತಮ್ಮ ಸರದಿ ಹೋಯಿತೆಂದು ಜಗಳಕ್ಕೆ ಬರುತ್ತಾರೆ. ‘ನೀವು ಕರೆದ್ರೆ ನಿಮ್ಮ ಮೇಜಿಗೆ ಮಾತ್ರ ಕೇಳ್ಸುತ್ತೆ ಕಣ್ರೀ, ಅದೇ ಎದ್ದು ಒಳಗೆ ಬರ್ಬೇಕು’ ಎಂದು ಡಾಕ್ಟರಮ್ಮ ಒಮ್ಮೆ ಎಲ್ಲರೆದುರು ಹೇಳಿದ್ದರು. ಎಲ್ಲರೂ ನಕ್ಕಿದ್ದರು, ಬಾಯಿ ಊದಿಕೊಂಡಿದ್ದವರೂ ನಕ್ಕಿದ್ದರು. ಕೂಗುವುದು ಬಾರದಿದ್ದರೂ ಇನ್ನೊಂದು ಕೆಲಸ ಅವಳಿಗೆ ಚೆನ್ನಾಗಿ ಬರುತ್ತದೆ. ಒಳಗೆ ಹೋಗುವ ಮೊದಲು ಎಲ್ಲರೂ ಅವಳ ಮೇಜಿನ ಮೇಲೆ ಬಗ್ಗಿ, ನೋವಾಗುತ್ತಾ ಎಂದು ಕೇಳುತ್ತಾರೆ. ‘ಇಲ್ಲ, ಒಂಚೂರು ಚುರುಕ್ ಅನ್ನುತ್ತೆ ಅಷ್ಟೆ’ ಎನ್ನಬೇಕು. ಡಾಕ್ಟರಮ್ಮ ಮೊದಲ ದಿನವೇ ಕಲಿಸಿಕೊಟ್ಟ ಮಾತು. ಅವಳ ಮೆಲುದನಿಯಲ್ಲಿ ಅದು ಎಷ್ಟು ನಿಜವೆನಿಸುತ್ತದೆಂದರೆ ದೊಡ್ಡ ದೊಡ್ಡವರೂ ಮಕ್ಕಳ ಹಾಗೆ ತಲೆಯಾಡಿಸಿ ಒಳಗೆ ಹೋಗುತ್ತಾರೆ.

ಇವತ್ತು ಹಾಗೆ ಹೋದವನು ಒಬ್ಬ ಟೈಲರ್, ಎತ್ತರದ ಆಳು, ಕಿವಿಯ ಸಂದಿಯಲ್ಲಿ ಇನ್ನೂ ಗುರುತು ಹಾಕುವ ಸೀಮೆಸುಣ್ಣದ ಬಿಳಿ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸದ್ದು ಬಂತು. ಕೂತವರೆಲ್ಲ ಪತ್ರಿಕೆಗಳನ್ನು ಇನ್ನಷ್ಟು ಗಮನವಿಟ್ಟು ಓದಿದರು. ಹೊರಗೆ ಬಂದವನು ಕೆನ್ನೆಯಲ್ಲಿ ಹತ್ತಿಯಿಟ್ಟುಕೊಂಡು ನೇರ ಅವಳ ಮೇಜಿನ ಮುಂದೆ ನಿಂತ. ‘ಚುರುಕ್ ಅಂದ್ರಿ’ ಎಂದ. ಹತ್ತಿಯಿಂದಾಗಿ ಮಾತು ತೊದಲುತ್ತಿತ್ತು, ಕಣ್ಣಲ್ಲಿ ನೀರಿತ್ತು. ‘ಗೊತ್ತಿದ್ದೂ ಅಂದ್ರಲ್ಲ. ನೋವಾಗುತ್ತೆ ಅಂದಿದ್ರೆ ನಾನು ಹಲ್ಲು ಕಚ್ಕೊಂಡು ಇರ್ತಿದ್ದೆ.’

‘ಹಲ್ಲು ಕಚ್ಕೊಂಡ್ರೆ ಹಲ್ಲು ಕೀಳೋದು ಹೆಂಗಯ್ಯ’ ಎಂದರು ಮೊದಲ ಸಾಲಿನಲ್ಲಿ ಕೂತ ಅಜ್ಜಿಯೊಬ್ಬರು. ಕ್ಲಿನಿಕ್ಕಿಗೆ ಕ್ಲಿನಿಕ್ಕೇ ನಕ್ಕಿತು. ಟೈಲರೂ ನಗಲು ಹೋಗಿ ಕೆನ್ನೆ ಹಿಡಿದುಕೊಂಡ. ಅವನು ಹೋದ ಮೇಲೂ ‘ಗೊತ್ತಿದ್ದೂ’ ಎಂಬುದು ಮೇಜಿನ ಮೇಲೆ ಉಳಿಯಿತು. ಮುಂದಿನವರು ಬಂದು ಬಗ್ಗಿ ಅದೇ ಕೇಳಿದಾಗ ಅವಳು ಅದೇ ಹೇಳಿದಳು.

ಎದುರಿನ ಗೋಡೆಯಲ್ಲಿ, ನಗುವ ಹಲ್ಲಿನ ಚಿತ್ರದ ಕೆಳಗಿನ ಕುರ್ಚಿ ಖಾಲಿಯಿತ್ತು. ಅಪ್ಪ ಬಂದು ಕೂತಿದ್ದು ಅಲ್ಲೇ, ಹೋದ ಚಳಿಗಾಲಕ್ಕೆ ಮುಂಚೆ, ಒಂದು ಮಧ್ಯಾಹ್ನ. ಬಿಳಿಯ ನೆಲದ ಮೇಲೆ ಉಪಕರಣಗಳ ಕೈಚೀಲ, ಅಂಗಿಯ ತೋಳಿನ ಮೇಲೆ ಗ್ರೀಸು. ಮಾತಾಡಿಸದೆ ಸರದಿಯಲ್ಲಿ ಬಂದವರ ಹಾಗೆ ಕೈಕಟ್ಟಿ ಕೂತಿದ್ದ. ಪಕ್ಕದಲ್ಲಿ ಕೂತ ಹೆಂಗಸು ತನ್ನ ಬಟ್ಟೆಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡು, ಮೇಜಿನ ಕಡೆ ತಿರುಗಿ, ‘ಏನು, ಲಿಫ್ಟ್ ಕೆಟ್ಟಿದ್ಯಾ?’ ಎಂದು ಕೇಳಿದಳು. ಅವಳು ‘ಹೂಂ, ನೋಡೋಕೆ ಬಂದಿದಾರೆ’ ಎಂದುಬಿಟ್ಟಳು. ಯಾಕೆ ಅಂದಳು? ಯೋಚಿಸಿ ಅಂದದ್ದಲ್ಲ, ಒಂದು ನೊಣವನ್ನು ಓಡಿಸಿದಷ್ಟು ಸಲೀಸಾಗಿ ಬಂದ ಮಾತು. ಅಪ್ಪ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೈಚೀಲ ತೆಗೆದುಕೊಂಡು ಹೊರಗೆ ಹೋದ. ಗಾಜಿನ ಬಾಗಿಲಿನಾಚೆ ಅವನು ಲಿಫ್ಟಿನ ಗುಂಡಿ ಒತ್ತುವುದು, ಬಾಗಿಲು ತೆರೆದಾಗ ಒಳಗೆ ಇಣುಕಿ ಮೇಲೆ ಕೆಳಗೆ ನೋಡುವುದು, ಸರಿಯಿದ್ದ ಲಿಫ್ಟಿನ ಬಾಗಿಲನ್ನು ಬೆರಳಲ್ಲಿ ತಟ್ಟಿ ಪರೀಕ್ಷಿಸುವುದು ಎಲ್ಲ ಕಾಣಿಸುತ್ತಿತ್ತು. ಮಗಳ ಮಾತನ್ನು ನಿಜ ಮಾಡಿ ಬಂದು, ಆ ಹೆಂಗಸು ಒಳಗೆ ಹೋಗುವವರೆಗೂ ಕಾದು, ಮೇಜಿನ ಹತ್ತಿರ ಬಂದು, ‘ಬೆಟ್ಟಕ್ಕೆ ಹೋಗ್ಬೇಕಂದ್ರೆ ನಡೀಲೇಬೇಕಾ? ಅಮ್ಮನ ಮಂಡಿ ಗೊತ್ತಲ್ಲ. ನಂಗೂ ಮೆಟ್ಟಿಲು ಅಂದ್ರೆ ಆಗಲ್ಲ, ಜೀವಮಾನ ಅದರ ವಿರುದ್ಧಾನೇ ಕೆಲ್ಸ ಮಾಡಿದೀನಿ. ನಿನ್ನ ಫೋನಲ್ಲಿ ಸ್ವಲ್ಪ ನೋಡ್ತೀಯಾ, ಟೈಮ್ ಇದ್ದಾಗ?’ ಎಂದಿದ್ದ. ಆಗಲೇ ಅವನಿಗೆ ತನ್ನೊಳಗೆ ಏನೋ ಸಡಿಲವಾಗುತ್ತಿರುವುದು ತಿಳಿದಿತ್ತೇನೋ. ಅವಳು ಕಿವಿಯವರೆಗೂ ಬಿಸಿಯಾಗಿ, ‘ನೋಡ್ತೀನಿ ಅಪ್ಪ, ನೀವು ಹೋಗಿ’ ಎಂದಿದ್ದಳು. ಈಗ ಅಪ್ಪನಿಗೆ ಆ ಮಧ್ಯಾಹ್ನವೂ ನೆನಪಿಲ್ಲ. ಅವನು ಮರೆತದ್ದರ ಜೊತೆಯಲ್ಲಿ ಇದೂ ಹೋಯಿತು. ಕೇಳದೆಯೇ ಸಿಕ್ಕ ಕ್ಷಮೆ. ಹಲ್ಲುಜ್ಜುವಾಗ ಬಂದ ಅನುಮಾನದ ಬೇರು ಇಲ್ಲಿಯವರೆಗೂ ಬಂದಿತ್ತು.

ಬೆಟ್ಟವನ್ನು ಹುಡುಕಿದ್ದು ಅವಳೇ. ನಡೆಯದವರಿಗೆ, ಹತ್ತದವರಿಗೆ, ಕೂತು ನೋಡುವವರಿಗೆ ಎಂಥ ಬೆಟ್ಟ ಒಗ್ಗುತ್ತದೆಂದು ಊಟದ ಬಿಡುವಿನಲ್ಲಿ ಫೋನು ತಿಕ್ಕುತ್ತ ಕೂತಿದ್ದಳು. ಜಗತ್ತಿನ ಬೆಟ್ಟಗಳೆಲ್ಲ ಗಟ್ಟಿ ಕಾಲಿನವರಿಗಾಗಿಯೇ ಇರುವ ಹಾಗೆ ಎಲ್ಲರೂ ಬೂಟು, ಕೋಲು, ಬೆವರಿನ ಬಗ್ಗೆಯೇ ಬರೆದಿದ್ದರು. ಕೊನೆಗೆ ರೋಪ್‌ವೇ ಇದ್ದ ಒಂದು ಊರು ಸಿಕ್ಕಿತು. ಅಪ್ಪನಿಗೆ ಅದು ಬೆಟ್ಟಕ್ಕಿಂತ ಹೆಚ್ಚು ಹಿಡಿಸಿತು. ಹೋದ ದಿನ ರೋಪ್‌ವೇಯ ಡಬ್ಬಿಯೊಳಗೆ ಕೂತ ಕೂಡಲೇ ಅಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ಕತ್ತು ಮೇಲೆ ಮಾಡಿ ಉಕ್ಕಿನ ಹಗ್ಗವನ್ನೇ ನೋಡುತ್ತ, ‘ಹೆದರ್ಬೇಡ, ಇದು ಮಲಗಿಸಿದ ಲಿಫ್ಟು ಅಷ್ಟೆ. ನಾವು ಮೇಲೆ ಹೋಗೋವಾಗ ಅಲ್ಲಿಂದ ಒಂದು ಕೆಳಗೆ ಬರುತ್ತೆ ನೋಡು, ಅದೇ ನಮ್ಮನ್ನ ಎಳೆಯೋದು. ಯಾರೋ ಒಬ್ರು ಇಳೀದೆ ಇನ್ನೊಬ್ರು ಏರೋಕಾಗಲ್ಲ’ ಎನ್ನುತ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡೇ, ‘ಪಾಪ, ಅವರ್ಯಾರೋ’ ಎಂದಳು. ಮೇಲೆ ಹೋದರೆ ಮಂಜು. ಬೆಂಚಿತ್ತು, ಕಟಕಟೆಯಿತ್ತು, ಕಟಕಟೆಯಾಚೆ ಸುಣ್ಣ ಬಳಿದಂಥ ಬಿಳಿ. ಅಷ್ಟು ದೂರ ಬಂದದ್ದಕ್ಕೆ ಸಾಕ್ಷಿ ಬೇಕೆಂದು, ಅಲ್ಲಿದ್ದ ಹೊಸ ಗಂಡಹೆಂಡಿರಲ್ಲಿ ಒಬ್ಬನ ಕೈಗೆ ಫೋನು ಕೊಟ್ಟು ಒಂದು ಫೋಟೋ ತೆಗೆಸಿಕೊಂಡರು. ಮೂವರು, ಹಿಂದೆ ಬಿಳಿ. ಯಾವ ಗೋಡೆಯ ಮುಂದೆ ನಿಂತು ತೆಗೆಸಿಕೊಂಡರೂ ಹಾಗೇ ಬರುತ್ತಿತ್ತು. ಅಮ್ಮ ಬೆಂಚಿನಲ್ಲಿ ಕೂತು, ‘ಬಂದ್ವಲ್ಲ, ಸಾಕು ಬಿಡಿ’ ಎಂದಳು, ಏನನ್ನೂ ಕೇಳದೆ ಅಭ್ಯಾಸವಾದವರ ಸಮಾಧಾನದಲ್ಲಿ.

ಅವಳು ಟೀ ತರಲು ಹೋದಳು. ಮೂರು ಲೋಟಗಳನ್ನು ರಟ್ಟಿನ ತಟ್ಟೆಯಲ್ಲಿಟ್ಟು, ಚೆಲ್ಲದ ಹಾಗೆ ಒಂದೊಂದೇ ಹೆಜ್ಜೆಯಿಡುತ್ತ ವಾಪಸು ಬರುವಾಗ ಮಂಜು ಹರಿಯಿತು. ಮೊದಲು ಕೆಳಗೆ ಮರಗಳ ತುದಿ, ಆಮೇಲೆ ಕಲ್ಲಿನ ಒಂದು ಪಕ್ಕೆ. ಇಷ್ಟೇ ಬೆಟ್ಟ ಎಂದುಕೊಂಡಳು. ಅಷ್ಟರಲ್ಲಿ ಅದರ ಎಷ್ಟೋ ಮೇಲೆ, ಅವಳು ಆಕಾಶವೆಂದುಕೊಂಡಿದ್ದ ಎತ್ತರದಲ್ಲಿ, ಇನ್ನೂ ಬೆಟ್ಟವಿತ್ತು. ಬೆಂಚಿನಲ್ಲಿ ಎರಡು ತಲೆಗಳೂ ಒಟ್ಟಿಗೆ ಮೇಲಕ್ಕೆದ್ದವು. ಅಪ್ಪ ಹಗ್ಗವನ್ನೂ ಗಾಲಿಯನ್ನೂ ಮರೆತು ಅಮ್ಮನ ಕಡೆ ನೋಡಿದ. ಅಮ್ಮ ಬೆಟ್ಟವನ್ನು ನೋಡುತ್ತಿದ್ದಳು, ಅಪ್ಪ ಅದನ್ನು ನೋಡುವ ಅಮ್ಮನನ್ನು. ಅವನ ಕೈ ಬೆಂಚಿನ ಮೇಲೆ ಸರಿದು ಅವಳ ಕೈಯನ್ನು ಹಿಡಿಯಿತು. ಅವರಿಬ್ಬರೂ ಕೈ ಹಿಡಿದದ್ದನ್ನು ಮಗಳು ಅದುವರೆಗೆ ಕಂಡಿರಲಿಲ್ಲ. ‘ಇಷ್ಟು ವರ್ಷ ನಿನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ’ ಎಂದ ಅಪ್ಪ, ತನ್ನ ಆ ಪಿಸುಮಾತಲ್ಲದ ಪಿಸುಮಾತಿನಲ್ಲಿ. ‘ಊರವರನ್ನೆಲ್ಲ ಮೇಲೆ ಕೆಳಗೆ ಮಾಡ್ಕೊಂಡು ಇದ್ದುಬಿಟ್ಟೆ. ತಪ್ಪಾಯ್ತು ಕಣೇ.’ ಅಮ್ಮ ‘ನಿಮ್ಮ ಕೈ ತಣ್ಣಗಿದೆ’ ಎಂದು ಅವನ ಕೈಯನ್ನು ತನ್ನ ಶಾಲಿನೊಳಗೆ ಎಳೆದುಕೊಂಡಳು. ಮಗಳು ಹಿಂದೆ ತಟ್ಟೆ ಹಿಡಿದು ನಿಂತೇ ಇದ್ದಳು. ಟೀ ಆರಿತು. ಮಂಜು ಮುಚ್ಚಿದ ಮೇಲೆ ಆಗ ತಾನೇ ಬಂದವಳ ಹಾಗೆ ಕೆಮ್ಮಿ ಮುಂದೆ ಹೋದಳು. ‘ಎಲ್ಲಿಗೆ ಹೋಗಿದ್ಯೇ, ಬೆಟ್ಟ ತಪ್ಪಿಸ್ಕೊಂಡೆಯಲ್ಲೇ’ ಎಂದಳು ಅಮ್ಮ. ಹೌದೆಂದು ತಲೆಯಾಡಿಸಿದಳು. ಆ ದಿನದ ದಿನಚರಿಯಲ್ಲಿ ಅವಳು ಬರೆದದ್ದು ಮಂಜಿನ ಬಗ್ಗೆ, ತನ್ನ ಒಂಟಿತನದ ಬಗ್ಗೆ. ಚೆನ್ನಾಗಿಯೇ ಬಂದಿತ್ತು.

ಇವತ್ತು ಸಂಜೆ ಮನೆಯ ಬಾಗಿಲು ತೆರೆದಾಗ ಏನೋ ಹಣೆಗೆ ತಾಗಿತು. ಕಿಟಕಿಯ ಮೇಲಿನ ಪರದೆಯ ಕಂಬಿಯಿಂದ ಎದುರು ಮೂಲೆಯ ಕುರ್ಚಿಯವರೆಗೆ, ಕೋಣೆಯ ಅಡ್ಡಕ್ಕೆ, ಒಂದು ದಾರ ಬಿಗಿದಿತ್ತು. ಅದರ ಮೇಲೆ ದಾರದ ಉರುಳೆಯೊಂದನ್ನು ಗಾಲಿಯ ಹಾಗೆ ಏರಿಸಿ, ಕೆಳಗೆ ಅಪ್ಪ ಸೋಪಿನ ಖಾಲಿ ಡಬ್ಬಿ ತೂಗುಬಿಟ್ಟಿದ್ದ. ಇನ್ನೊಂದು ದಾರದ ತುದಿಗೆ ಅಮ್ಮನ ಕತ್ತರಿ, ಎದುರು ತೂಕಕ್ಕೆ. ಅಪ್ಪ ಕತ್ತರಿಯನ್ನು ಬಿಟ್ಟ. ಅದು ಇಳಿಯಿತು, ಸೋಪಿನ ಡಬ್ಬಿ ನಡುಗುತ್ತ ಕಿಟಕಿಯ ಕಡೆಗೆ ಏರಿತು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ‘ಬಾ ಬಾ, ತಲೆ ಜೋಪಾನ’ ಎಂದ. ‘ಒಂದು ವಿಷಯ. ಅಮ್ಮಂಗೆ ಹೇಳ್ಬೇಡ.’

‘ಹೇಳಲ್ಲ’ ಎಂದಳು, ಪಕ್ಕದಲ್ಲಿ ಕೂರುತ್ತ. ‘ಏನಿದು?’

‘ಬೆಟ್ಟಕ್ಕೆ ಹೋಗೋಣ ಅಂತ. ನಾವೇನು ಹತ್ತೋ ಜನ ಅಲ್ಲ, ಹತ್ತೋದೆಲ್ಲ ಬೇರೆ ಕೆಲಸ ಇಲ್ಲದೋರಿಗೆ. ಇದರಲ್ಲಿ ಕೂತ್ಕೊಂಡ್ರೆ ಆಯ್ತು. ಅವಳಿಗೆ ಸ್ವೆಟರ್ ತಗೋಬೇಕು. ಆದ್ರೆ ಸ್ವೆಟರ್ ನೋಡಿದ್ರೆ ಯಾಕೆ ಅಂತ ಕೇಳ್ತಾಳೆ, ಪೊಲೀಸು ಅವಳು.’

‘ನಂಗೆ ಅಂತ ಹೇಳೋಣ. ಅಳತೆ ದೊಡ್ಡದಾಯ್ತು ಅಂತ ಅವಳಿಗೆ ಕೊಟ್ಟುಬಿಡೋಣ’ ಎಂದಳು. ಹೋದ ಸಲ ಅವರು ಮಾಡಿದ್ದೇ ಅದು.

ಅಪ್ಪ ಬಾಯಿ ತೆರೆದು ಅವಳನ್ನು ನೋಡಿದ. ‘ಎಲಾ ಇವಳ. ಮೂಲೇಲಿ ಕೂತಿರ್ತಾಳೆ, ಬಾಯೇ ಇಲ್ಲ ಅನ್ಕೊಂಡಿದ್ದೆ. ತಲೆ ನೋಡು.’ ಅವಳಿಗೆ ನಗು ಬಂತು. ಎದೆಯಲ್ಲಿ ಏನೋ ಬೆಚ್ಚಗಾಯಿತು, ಬೆಳಗಿನ ಅನುಮಾನ ಅದರ ಪಕ್ಕದಲ್ಲೇ ಬಂದು ಕೂತಿತು. ಆಗ ಅಮ್ಮ ಒಣಗಿದ ಬಟ್ಟೆಗಳನ್ನು ಎದೆಗವಚಿಕೊಂಡು ಒಳಗಿನಿಂದ ಬಂದಳು. ದಾರ ಅಡ್ಡ ಬಂತು. ‘ಏನಿಲ್ಲ ಏನಿಲ್ಲ, ಬಟ್ಟೆ ಒಣಗಿಸೋಕೆ’ ಎಂದ ಅಪ್ಪ, ಮಗಳಿಗೆ ಕಣ್ಣು ಮಿಟುಕಿಸಿ. ಅಮ್ಮ ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಬೆನ್ನು ಬಗ್ಗಿಸಿ, ಸೋಪಿನ ಡಬ್ಬಿಯ ಕೆಳಗೆ ತೂರಿ ಆಚೆಗೆ ಹೋದಳು. ಬೀರುವಿನ ಬಾಗಿಲ ಸದ್ದಾಯಿತು. ಮತ್ತೆ ಬಂದು, ಮತ್ತೆ ಬಗ್ಗಿ, ಅಡುಗೆಮನೆಗೆ ಹೋದಳು. ತನ್ನ ಮನೆಯಲ್ಲೇ ಕಳ್ಳದಾರಿಯಲ್ಲಿ ನುಸುಳುವವಳ ಹಾಗೆ. ಅಮ್ಮ ಬಗ್ಗುವುದನ್ನು ನೋಡುತ್ತಿದ್ದವಳಿಗೆ, ಡಬ್ಬಿ ಏರಬೇಕಾದರೆ ಇಳಿಯಲೇಬೇಕಾದದ್ದು ಕತ್ತರಿಯೊಂದೇ ಅಲ್ಲವೆನಿಸಿತು. ಅವಳು ಎದ್ದು ಹಿಂದೆಯೇ ಹೋದಳು.

‘ಇವತ್ತು ದಾರ ಕಟ್ಟಿದಾರೆ’ ಎಂದಳು ಅಮ್ಮ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ.

‘ಬಿಚ್ತೀನಿ ಬಿಡಮ್ಮ.’

‘ಬೇಡ. ಮಧ್ಯಾಹ್ನದಿಂದ ಕಷ್ಟಪಟ್ಟು ಮಾಡಿದಾರೆ. ನಾನು ಬಗ್ಗಿ ಓಡಾಡ್ತೀನಿ.’ ನೀರು ಸುರಿಯುತ್ತಲೇ ಇತ್ತು. ‘ಒಂದು ಮಾತು ಕೇಳ್ಲಾ ನಿನ್ನ?’

‘ಕೇಳು.’

‘ನಾವು ಹೋಗಿದ್ವಲ್ಲ?’

‘ಹೋಗಿದ್ವಲ್ಲಮ್ಮ. ಇದೇನು ಕೇಳ್ತಿದೀಯಾ.’

‘ಅಲ್ಲ, ಹೋಗಿದ್ದು ಗೊತ್ತು ಕಣೇ. ನಂಗಿನ್ನೂ ತಲೆ ಅಷ್ಟು ಕೆಟ್ಟಿಲ್ಲ.’ ಅಮ್ಮ ನಗಲು ಪ್ರಯತ್ನಿಸಿದಳು. ‘ಅಲ್ಲಿ ನಿಮ್ಮಪ್ಪ ನಂಗೆ ಒಂದು ಮಾತು ಅಂದ್ರು. ನೀನು ಟೀ ತರೋಕೆ ಹೋಗಿದ್ದೆ, ನಿಂಗೆ ಗೊತ್ತಿಲ್ಲ. ಏನೋ ಒಂದು ಮಾತು, ಬಿಡು. ದಿನಾ ಇಲ್ಲಿ ನಿಂತು, ಅವಳು ಒಂದು ಸಲಾನೂ ನೋಡಿಲ್ಲ, ಅವಳು ಒಂದು ಸಲಾನೂ ನೋಡಿಲ್ಲ ಅಂತ ಕೇಳಿ ಕೇಳಿ, ಈಗ ನಂಗೇ ಅನುಮಾನ. ಅಂದ್ರೋ ಇಲ್ವೋ. ನಾನೇ ಮನಸ್ಸಲ್ಲಿ ಅಂದ್ಕೊಂಡೆನೋ. ಬೆಳಿಗ್ಗೆ ನೀನು ಹೋದ್ಮೇಲೆ ಫೋಟೋ ತೆಗೆದು ನೋಡ್ದೆ. ಅದರಲ್ಲೇನಿದೆ. ಬಿಳಿ.’

ಈಗ ಹೇಳಬೇಕಿತ್ತು. ಕೇಳಿಸಿಕೊಂಡೆ ಎಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅಮ್ಮ ಕೇಳದಿದ್ದರೂ ಕೇಳಿದ ಹಾಗೆಯೇ. ಅವರಿಬ್ಬರದೇ ಆಗಿದ್ದ ಒಂದೇ ಒಂದು ಗಳಿಗೆಯಲ್ಲಿ ಕದ್ದು ನಿಂತಿದ್ದೆ ಎಂದು ಒಪ್ಪಿಕೊಂಡ ಹಾಗೆ. ‘ಅಂದಿರ್ತಾರೆ ಬಿಡಮ್ಮ’ ಎಂದಳು. ಎಷ್ಟು ಮೆತ್ತಗೆ ಬಂತು ಆ ಮಾತು. ಕ್ಲಿನಿಕ್ಕಿನ ಮೇಜಿನಲ್ಲಿ ಕೂತು ಆಡುವ ದನಿಯೇ. ಅಮ್ಮ ಮಕ್ಕಳ ಹಾಗೆ ತಲೆಯಾಡಿಸಿದಳು, ಹೂಂ, ಅಂದಿರ್ತಾರೆ ಎಂದು, ಮತ್ತು ಅದೇ ಲೋಟವನ್ನು ಮೂರನೆಯ ಸಲ ನಲ್ಲಿಯ ಕೆಳಗೆ ಹಿಡಿದಳು. ಒಂದು ಬೆಟ್ಟದಷ್ಟು ದೊಡ್ಡದು ಆ ಹೆಂಗಸಿನ ಕೈಯಿಂದ ನೀರಿನ ಜೊತೆ ಹರಿದುಹೋಗುತ್ತಿತ್ತು. ಅವಳು ಅದನ್ನು ನೋಡಿಕೊಂಡು ನಿಂತಿದ್ದಳು, ಅವತ್ತು ತಟ್ಟೆ ಹಿಡಿದು ನಿಂತ ಹಾಗೆಯೇ.

ಹೊರಗೆ ಬಂದಾಗ ಅಪ್ಪ ಕಂಬಿಯ ಹತ್ತಿರ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದ. ಬೆಳಕು ಕಡಿಮೆಯಾಗಿತ್ತು, ದಾರ ಕಾಣುತ್ತಿರಲಿಲ್ಲ, ಸೋಪಿನ ಡಬ್ಬಿ ಸುಮ್ಮನೆ ಗಾಳಿಯಲ್ಲಿ ನಿಂತ ಹಾಗಿತ್ತು. ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಕೈಸನ್ನೆ ಮಾಡಿ ಕರೆದ. ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಅವಳು ಹೋಗಿ, ಕೂರದೆ, ಕುರ್ಚಿಯ ಬೆನ್ನು ಹಿಡಿದು ನಿಂತಳು.

‘ಪುಟ್ಟಿ, ಒಂದು ವಿಷಯ’ ಎಂದ. ‘ಅಮ್ಮಂಗೆ ಹೇಳ್ಬೇಡ.’

ಅವಳಿಗೆ ಆ ಮುಖವನ್ನು ನೋಡಿಬಿಡಬೇಕೆನಿಸಿತು. ಗಡ್ಡದ ಬಿಳಿ ಮೊಳಕೆ, ಕಣ್ಣಂಚಿನ ತುಂಟತನ, ಕೆಳತುಟಿಯ ಮೇಲೆ ಅಂಟಿಕೊಂಡಿದ್ದ ದಾರದ ಚೂರು. ಈ ಸಂಜೆಯ ಅಪ್ಪ. ಈಗ ಹೇಳಿಬಿಟ್ಟರೆ, ನಾಳೆ ಅವನು ಅದನ್ನೂ ಮರೆತು ಮತ್ತೆ ಕರೆಯಬಹುದು. ಅಥವಾ ಏನನ್ನೋ ಕಳೆದುಕೊಂಡ ಒಂದು ನೆರಳು ಮಾತ್ರ ಉಳಿದು, ಮುಂದೆಂದೂ ಕರೆಯದಿರಬಹುದು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು, ತಲೆಯ ಮೇಲಿನ ಮೊಟಕು, ಕಣ್ಣು ಮಿಟುಕಿಸುವುದು. ಅವಳು ಅದನ್ನೆಲ್ಲ ಒಮ್ಮೆ ಕಣ್ತುಂಬ ನೋಡಿದಳು.

‘ಬೆಟ್ಟಕ್ಕೆ ಹೋಗೋಣ ಅಂತಿದೀನಿ. ಅವಳು ಒಂದು ಸಲಾನೂ...’

‘ನೋಡಿದಾಳೆ ಅಪ್ಪ’ ಎಂದಳು. ದನಿ ಹೊರಡಲಿಲ್ಲ; ಕುರ್ಚಿಗೆ ಮಾತ್ರ ಕೇಳಿಸಿರಬೇಕು. ಅಪ್ಪ ಕಿವಿ ಮುಂದೆ ಮಾಡಿ ‘ಆಂ?’ ಎಂದ. ಒಳಗೆ ನೀರು ಸುರಿಯುತ್ತಿತ್ತು. ಆ ನೀರಿನ ಸದ್ದನ್ನು ದಾಟಬೇಕಿತ್ತು. ಹಿಂದಿನ ಸಾಲಿನ ಕೊನೆಯ ಕುರ್ಚಿಯನ್ನು ಕರೆಯುವವಳ ಹಾಗೆ ಅವಳು ಉಸಿರು ತುಂಬಿಕೊಂಡು, ಅಡುಗೆಮನೆಯ ಬಾಗಿಲ ಕಡೆಗೆ ಮುಖ ಮಾಡಿದಳು.

‘ನಾವು ಹೋಗಿದ್ವಿ ಅಪ್ಪ. ಮಂಜು ಹೋಗಿ ಬೆಟ್ಟ ಕಾಣಿಸ್ತು. ನೀನು ಅಮ್ಮನ ಕೈ ಹಿಡ್ಕೊಂಡೆ. ಇಷ್ಟು ವರ್ಷ ನಿನ್ನ ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ, ತಪ್ಪಾಯ್ತು ಕಣೇ ಅಂದೆ.’ ನಲ್ಲಿಯ ಸದ್ದು ನಿಂತಿತು. ‘ಅಂದೆ ನೀನು. ನಾನು ಹಿಂದೆ ಟೀ ಹಿಡ್ಕೊಂಡು ನಿಂತಿದ್ದೆ. ನಂಗೆ ಕೇಳಿಸ್ತು. ಅಮ್ಮಾ, ನಂಗೆ ಕೇಳಿಸ್ತು.’